ಮೆಡಿಕಲ್ ಸೀಟು ಹಿಡಿಯುವ ಮುನ್ನ ಕೇಳಲೇಬೇಕಾದ ಪ್ರಶ್ನೆಗಳು



ನೀಟ್ ಫಲಿತಾಂಶ ಬಂದ ವಾರ ನಮ್ಮ ಸಂಘದ ಫೋನುಗಳಿಗೆ ಬಿಡುವಿರುವುದಿಲ್ಲ. ಮಂಜೇಶ್ವರ, ಅಕ್ಕಲಕೋಟೆ, ತಾಳವಾಡಿ, ರಾಯದುರ್ಗ ಎಲ್ಲಿಂದ ಕರೆ ಬಂದರೂ ಪ್ರಶ್ನೆ ಬಹುಪಾಲು ಒಂದೇ: "ಇಷ್ಟು ರ‍್ಯಾಂಕಿಗೆ ಯಾವ ಕಾಲೇಜು ಸಿಗಬಹುದು?" ಸಿಕ್ಕ ಕಾಲೇಜಿನಲ್ಲಿ ಮಗು ಐದೂವರೆ ವರ್ಷ ಹೇಗೆ ಓದುತ್ತದೆ, ಏನು ಕಲಿಯುತ್ತದೆ, ಎಷ್ಟು ಖರ್ಚಾಗುತ್ತದೆ, ಯಾವ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ ಎಂದು ಕೇಳುವವರು ತೀರಾ ಕಡಿಮೆ.

ಇದರಲ್ಲಿ ಪೋಷಕರ ತಪ್ಪು ಮಾತ್ರ ಇಲ್ಲ. ಹಿಂದೆ ಕೆಲವು ಮೆಡಿಕಲ್ ಕಾಲೇಜುಗಳು ಸೀಟು ಕೊಡುವ ಮೊದಲು ಸಂದರ್ಶನ ನಡೆಸುತ್ತಿದ್ದವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಸಂದರ್ಶನ ಅದಕ್ಕೆ ಹೆಸರಾಗಿತ್ತು. ಸಂದರ್ಶನದಲ್ಲಿ ಅವರು ನಮ್ಮನ್ನು ನೋಡುತ್ತಿದ್ದರು, ನಾವೂ ಅವರನ್ನು ನೋಡಬಹುದಿತ್ತು. 2016ರಿಂದ ನೀಟ್ ಕಡ್ಡಾಯವಾಯಿತು. 2020ರಲ್ಲಿ ಏಮ್ಸ್, ಜಿಪ್ಮರ್ ಕೂಡ ಅದರೊಳಗೆ ಬಂದವು. ಈಗ ಅಂಕ, ರ‍್ಯಾಂಕು, ಆಪ್ಷನ್ ಎಂಟ್ರಿ, ಅಲಾಟ್‌ಮೆಂಟ್ ಎಲ್ಲವೂ ಕಂಪ್ಯೂಟರಿನಲ್ಲೇ ಮುಗಿಯುತ್ತದೆ. ಇದರಿಂದ ಶಿಫಾರಸು, ಒಳದಾರಿಗಳು ಕಡಿಮೆಯಾದದ್ದು ಒಳ್ಳೆಯದೇ. ಆದರೆ "ನಿಮಗೇನಾದರೂ ಕೇಳುವುದಿದೆಯೇ?" ಎಂದು ನಮ್ಮನ್ನು ಕೇಳುವ ಮೇಜು ಇಲ್ಲದಂತಾಯಿತು. ಕೇಳುವ ಅವಕಾಶವನ್ನು ಯಾರೂ ಕೊಡುವುದಿಲ್ಲವಾದ್ದರಿಂದ ಅದನ್ನು ನಾವೇ ಮಾಡಿಕೊಳ್ಳಬೇಕು. ಅದೂ ಆಪ್ಷನ್ ಲಾಕ್ ಮಾಡುವ ಮೊದಲೇ.

ಒಂದು ಮನೆಯ ಅನುಭವ

ನಮ್ಮ ಸದಸ್ಯ ಕುಟುಂಬವೊಂದರಲ್ಲಿ ನಡೆದ ಸಂಗತಿಯನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಹೇಳುತ್ತಿದ್ದೇವೆ. ರೈತ ಕುಟುಂಬ, ಹಿರಿಯ ಮಗಳಿಗೆ ಖಾಸಗಿ ಕಾಲೇಜಿನಲ್ಲಿ ಸೀಟು ಸಿಕ್ಕಿತು. ವರದಿ ಮಾಡಿಕೊಳ್ಳುವ ಕೊನೆಯ ದಿನ ಮಧ್ಯಾಹ್ನ ತಂದೆ ಮಗಳು ಕೌಂಟರಿನ ಮುಂದೆ ನಿಂತರು. ಕೇಳಿದ್ದು ಒಂದೇ ಪ್ರಶ್ನೆ: "ಫೀಸು ಎಷ್ಟು?" ಉತ್ತರ ಬಂತು, ಡಿಡಿ ಕೊಟ್ಟರು, ಸ್ಟಾಂಪ್ ಪೇಪರಿಗೆ ಸಹಿ ಹಾಕಿದರು, ಮೂಲ ಅಂಕಪಟ್ಟಿಗಳನ್ನು ಒಪ್ಪಿಸಿದರು. ಹಾಸ್ಟೆಲ್, ಮೆಸ್, "ಇತರೆ ಶುಲ್ಕ" ಎಲ್ಲ ಬೇರೆ ಎಂದು ಗೊತ್ತಾದದ್ದು ಮರುವಾರ. ಎರಡನೇ ತಿಂಗಳಲ್ಲಿ, ಇದನ್ನು ಬಿಟ್ಟು ಮುಂದಿನ ವರ್ಷ ಮತ್ತೆ ನೀಟ್ ಬರೆಯಲೇ ಎಂದು ಮಗಳು ಯೋಚಿಸಿದಾಗ ಆ ಸ್ಟಾಂಪ್ ಪೇಪರನ್ನು ಮೊದಲ ಬಾರಿಗೆ ಪೂರ್ತಿ ಓದಿದರು. ಸೀಟು ಬಿಟ್ಟರೆ ಉಳಿದ ವರ್ಷಗಳ ಶುಲ್ಕವನ್ನೂ ಕಟ್ಟಬೇಕು ಎಂದು ಅದರಲ್ಲಿತ್ತು. ತಂದೆ ತೋಟದ ಮೇಲೆ ಸಾಲ ಮಾಡಿದರು, ಮಗಳು ಅಲ್ಲೇ ಉಳಿದಳು.

ಈಗ ಅವಳು ಚೆನ್ನಾಗಿ ಓದುತ್ತಿದ್ದಾಳೆ. ಆದರೆ ಅವಳು ನಮಗೆ ಹೇಳಿದ ಮಾತು ಎಲ್ಲರಿಗೂ ತಲುಪಬೇಕು: "ಅವತ್ತು ನಾವು ಸೀರೆ ಅಂಗಡೀಲಿ ಕೇಳೋವಷ್ಟು ಪ್ರಶ್ನೆನೂ ಕೇಳಲಿಲ್ಲ." ಮುಂದಿನ ಪಟ್ಟಿಯಲ್ಲಿ ಅರ್ಧ ಅವಳು ಬರೆದುಕೊಟ್ಟದ್ದು.

ಯಾರನ್ನು ಕೇಳಬೇಕು?

ಕಾಲೇಜಿನ ಪ್ರವೇಶ ಕೌಂಟರಿನವರು ಶುಲ್ಕ ಮತ್ತು ದಾಖಲೆಗಳ ಬಗ್ಗೆ ಹೇಳಬಲ್ಲರು, ಓದಿನ ಬಗ್ಗೆ ಅಲ್ಲ. ಓದಿನ ಬಗ್ಗೆ ಅಲ್ಲಿನ ಎರಡನೇ, ಮೂರನೇ ವರ್ಷದವರನ್ನು ಕೇಳಿ. ಆಸ್ಪತ್ರೆಯ ಬಗ್ಗೆ ಇಂಟರ್ನ್‌ಗಳನ್ನು ಕೇಳಿ, ಅವರಿಗಿಂತ ಚೆನ್ನಾಗಿ ಯಾರಿಗೂ ತಿಳಿದಿರುವುದಿಲ್ಲ. ನಿಯಮದ ಬಗ್ಗೆ ಯಾರ ಬಾಯಿಮಾತನ್ನೂ ನಂಬದೆ ಆ ವರ್ಷದ ಮಾಹಿತಿ ಪುಸ್ತಿಕೆಯನ್ನೇ ಓದಿ. ಕರ್ನಾಟಕದ ಸೀಟುಗಳಿಗೆ ಕೆಇಎ, ಅಖಿಲ ಭಾರತ ಕೋಟಾ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಎಂಸಿಸಿ, ಉಳಿದವಕ್ಕೆ ಆಯಾ ರಾಜ್ಯದ ಪ್ರವೇಶ ಪ್ರಾಧಿಕಾರ ಅದನ್ನು ಪ್ರಕಟಿಸುತ್ತದೆ. ಏಜೆಂಟರನ್ನು ಕೇಳಬೇಡಿ. ನಿಮಗೆ ಯಾವುದು ಒಳ್ಳೆಯದೆಂದು ಅವರು ನೋಡುವುದಿಲ್ಲ, ಕಮಿಷನ್ ಎಲ್ಲಿ ಹೆಚ್ಚೆಂದು ನೋಡುತ್ತಾರೆ.

1. ನಾವು ಯಾವ ಬಾಗಿಲಿನಿಂದ ಒಳಗೆ ಹೋಗಬಹುದು?

ಗಡಿಯ ಮಕ್ಕಳಿಗೆ ಇದು ಮೊದಲ ಪ್ರಶ್ನೆ. ಬೇರೆಯವರಿಗೆ ಒಂದು ರಾಜ್ಯ, ನಮಗೆ ಕೆಲವೊಮ್ಮೆ ಎರಡು.

ವಾಸವಿರುವ ರಾಜ್ಯದ ಸೀಟಿಗೆ ಆ ರಾಜ್ಯದ ವಾಸ ಪ್ರಮಾಣಪತ್ರ ಬೇಕು. ಸರ್ಕಾರಿ ಮೆಡಿಕಲ್ ಕಾಲೇಜುಗಳ ಶೇ. 15ರಷ್ಟು ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ, ಉಳಿದ ಶೇ. 85 ರಾಜ್ಯದ ಮಕ್ಕಳಿಗೆ. ತಮಿಳುನಾಡಿನಲ್ಲಿ 6ರಿಂದ 12ನೇ ತರಗತಿವರೆಗೆ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2020ರಿಂದ ಶೇ. 7.5 ಒಳಮೀಸಲು ಇದೆ. ತಾಳವಾಡಿ, ಹೊಸೂರು, ನೀಲಗಿರಿಯ ಪೋಷಕರು ಇದನ್ನು ಕೇಳದೆ ಬಿಡಬಾರದು. 2022ರಲ್ಲಿ ಆ ರಾಜ್ಯದಲ್ಲಿ ಒಟ್ಟಿಗೆ ಉದ್ಘಾಟನೆಯಾದ 11 ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನೀಲಗಿರಿ, ಕೃಷ್ಣಗಿರಿ ಜಿಲ್ಲೆಗಳವೂ ಸೇರಿವೆ.

ಕರ್ನಾಟಕದ ಸೀಟಿಗೆ ಹೋಗುವ ದಾರಿಗಳು ಗಡಿನಾಡು ಕನ್ನಡಿಗ ಮತ್ತು ಹೊರನಾಡು ಕನ್ನಡಿಗ ಅರ್ಹತೆಗಳು. ಕೆಇಎ ಪುಸ್ತಿಕೆಯ ಗಡಿನಾಡು ಕಲಮಿನಲ್ಲಿ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳು ಬರುತ್ತವೆ. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿರಬೇಕು. ಉಳಿದ ಕಡೆಯ ನಮ್ಮವರು ಹೊರನಾಡು ಕಲಮನ್ನು ನೋಡಬೇಕು.

ಈ ಎರಡೂ ದಾರಿಯಲ್ಲಿ ಕೆಇಎ ನಡೆಸುವ ಕನ್ನಡ ಭಾಷಾ ಪರೀಕ್ಷೆ ಇದೆ. 50 ಅಂಕದ ಪರೀಕ್ಷೆ, ಅರ್ಹತೆಗೆ ಕನಿಷ್ಠ 12 ಅಂಕ. ಪ್ರಾಥಮಿಕ ಶಾಲೆಯ ಮಟ್ಟದ ಕನ್ನಡ, ಹೆದರುವಂಥದ್ದೇನೂ ಇಲ್ಲ. ಆದರೆ ಇದು ಸಿಇಟಿಯ ಆಸುಪಾಸಿನಲ್ಲಿ, ನೀಟ್ ಫಲಿತಾಂಶಕ್ಕೆ ಬಹಳ ಮೊದಲೇ ನಡೆದುಹೋಗುತ್ತದೆ. ಫಲಿತಾಂಶ ಬಂದ ಮೇಲೆ ವಿಚಾರಿಸಿದವರಿಗೆ ಆ ವರ್ಷದ ಬಾಗಿಲು ಮುಚ್ಚಿರುತ್ತದೆ. ಹೀಗಾಗಿ ಸಿಇಟಿ ಅರ್ಜಿ ಹಾಕುವಾಗಲೇ ಕೇಳಿ:

– ನಮ್ಮ ತಾಲ್ಲೂಕು ಯಾವ ಕಲಮಿನಡಿ ಬರುತ್ತದೆ? ಯಾವ ನಮೂನೆಯ ಪ್ರಮಾಣಪತ್ರ, ಯಾವ ಅಧಿಕಾರಿಯ ಸಹಿ?
– ಈ ಕಲಮಿನಡಿ ಬಂದರೆ ಜಾತಿ ಮೀಸಲಾತಿ ಸಿಗುತ್ತದೆಯೇ, ಸಾಮಾನ್ಯ ವರ್ಗದಲ್ಲೇ ನಿಲ್ಲಬೇಕೇ?
– ಎರಡೂ ರಾಜ್ಯಗಳ ಕೌನ್ಸೆಲಿಂಗಿನಲ್ಲಿ ಇದ್ದರೆ ಒಂದು ಕಡೆ ಸೇರಿದ ಮೇಲೆ ಇನ್ನೊಂದು ಕಡೆಯ ಅವಕಾಶ ಯಾವ ಸುತ್ತಿನಲ್ಲಿ ತಪ್ಪುತ್ತದೆ?

ಡೀಮ್ಡ್ ಕಾಲೇಜು ಯಾವುದು, ಅಲ್ಲದ್ದು ಯಾವುದು ಎಂಬ ಗೊಂದಲವೂ ನಮ್ಮವರಲ್ಲಿ ಬಹಳ. ಮಂಗಳೂರಿನಲ್ಲಿ ಕೆಎಂಸಿ, ಕೆ.ಎಸ್. ಹೆಗ್ಡೆ, ಯೆನೆಪೋಯ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವು. ಫಾದರ್ ಮುಲ್ಲರ್, ಎ.ಜೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದವು. ವಿಜಯಪುರದ ಬಿ.ಎಂ. ಪಾಟೀಲ, ಬೆಳಗಾವಿಯ ಜೆಎನ್‌ಎಂಸಿ ಡೀಮ್ಡ್. ಡೀಮ್ಡ್ ಸೀಟುಗಳು ಮುಖ್ಯವಾಗಿ ಎಂಸಿಸಿ ಮೂಲಕ ಹಂಚಿಕೆಯಾಗುತ್ತವೆ. ಅಲ್ಲಿ ನೋಂದಣಿ ವೇಳೆಗೇ 2 ಲಕ್ಷ ರೂಪಾಯಿ ಭದ್ರತಾ ಠೇವಣಿ ಕೇಳುತ್ತಾರೆ. ಅದು ಯಾವ ಸುತ್ತಿನ ನಂತರ ಮುಟ್ಟುಗೋಲಾಗುತ್ತದೆ ಎಂಬುದನ್ನು ಓದಿಯೇ ಹಣ ಕಟ್ಟಿ.

2. ಒಟ್ಟು ಖರ್ಚು ಎಷ್ಟು?

"ಫೀಸು ಎಷ್ಟು?" ಎಂದು ಕೇಳಬೇಡಿ. "ಡಿಗ್ರಿ ಕೈಗೆ ಬರುವ ದಿನದವರೆಗೆ ನಾವು ಕಟ್ಟಬೇಕಾದ ಎಲ್ಲ ಹಣವನ್ನೂ ಒಂದು ಹಾಳೆಯಲ್ಲಿ ಬರೆದುಕೊಡುತ್ತೀರಾ?" ಎಂದು ಕೇಳಿ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಕಡ್ಡಾಯ ಇಂಟರ್ನ್‌ಶಿಪ್.

– ಬೋಧನಾ ಶುಲ್ಕ ನಾಲ್ಕೂವರೆ ವರ್ಷಕ್ಕೋ, ಐದು ಕಂತಿಗೋ?
– ಪ್ರತಿ ವರ್ಷ ಹೆಚ್ಚುತ್ತದೆಯೇ? ಎಷ್ಟು?
– ಹಾಸ್ಟೆಲ್, ಮೆಸ್, ವಿಶ್ವವಿದ್ಯಾಲಯ ಶುಲ್ಕ, ಪರೀಕ್ಷೆ, ಬಸ್ ಎಷ್ಟು? ಹಾಸ್ಟೆಲ್ ಕಡ್ಡಾಯವೇ?
– ಮುಂಗಡವಾಗಿ ಬ್ಯಾಂಕ್ ಗ್ಯಾರಂಟಿ ಅಥವಾ ಚೆಕ್ಕುಗಳನ್ನು ಕೊಡಬೇಕೇ?
– ಅನುತ್ತೀರ್ಣರಾದರೆ ಹೆಚ್ಚುವರಿ ಅವಧಿಗೆ ಶುಲ್ಕ ಇದೆಯೇ?

ಒಂದೇ ಕಾಲೇಜಿನಲ್ಲಿ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಕೋಟಾ ಸೀಟುಗಳ ಶುಲ್ಕ ಬೇರೆ ಬೇರೆ. ಅಲಾಟ್‌ಮೆಂಟ್ ಆದೇಶದಲ್ಲಿ ಯಾವ ಸೀಟು ಎಂದಿದೆ, ಯಾವ ಮೊತ್ತವಿದೆ ಎಂದು ನೋಡಿ. ಅದಕ್ಕಿಂತ ಹೆಚ್ಚು ಕೇಳಿದರೆ ಕಾರಣ ಕೇಳಿ, ರಸೀದಿ ಕೇಳಿ. ಕ್ಯಾಪಿಟೇಶನ್ ಶುಲ್ಕವನ್ನು ಕರ್ನಾಟಕ 1984ರ ಕಾಯ್ದೆಯಲ್ಲೇ ನಿಷೇಧಿಸಿದೆ. ರಸೀದಿ ಇಲ್ಲದ ಹಣಕ್ಕೆ ಮುಂದೆ ಸಾಕ್ಷಿ ಇರುವುದಿಲ್ಲ.

3. ಯಾವ ಬಾಂಡಿಗೆ ಸಹಿ ಹಾಕುತ್ತಿದ್ದೇವೆ?

ಬಾಂಡ್ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳಿವೆ.

ಮೊದಲನೆಯದು ಸೇವೆಯ ಬಾಂಡ್. ಓದು ಮುಗಿದ ಮೇಲೆ ಸರ್ಕಾರ ಹೇಳಿದ ಕಡೆ ಕೆಲಸ ಮಾಡುವ ಷರತ್ತು. ಕರ್ನಾಟಕದಲ್ಲಿ 2012ರ ಕಾಯ್ದೆ ಒಂದು ವರ್ಷದ ಸೇವೆಯನ್ನು ಕಡ್ಡಾಯ ಮಾಡಿತು, 2023ರಲ್ಲಿ ಅದಕ್ಕೆ ತಿದ್ದುಪಡಿ ಬಂದು ಖಾಲಿ ಹುದ್ದೆಗಳಿರುವಷ್ಟಕ್ಕೆ ಸೀಮಿತವಾಯಿತು. ಮಹಾರಾಷ್ಟ್ರದ ಸರ್ಕಾರಿ ಕಾಲೇಜಿನಲ್ಲಿ ಎಂಬಿಬಿಎಸ್ ಓದಿದವರಿಗೆ ಒಂದು ವರ್ಷದ ಸೇವೆ, ತಪ್ಪಿದರೆ 10 ಲಕ್ಷ ರೂಪಾಯಿ ದಂಡ. ಸ್ನಾತಕೋತ್ತರ ಮತ್ತು ಸೂಪರ್ ಸ್ಪೆಷಾಲಿಟಿ ಸೀಟುಗಳ ಇಂಥ ಬಾಂಡ್‌ಗಳನ್ನು ಸುಪ್ರೀಂ ಕೋರ್ಟ್ 2019ರ ಆಗಸ್ಟಿನಲ್ಲಿ ಎತ್ತಿಹಿಡಿದಿದೆ. ಹಾಗಾಗಿ "ಮುಂದೆ ನೋಡಿಕೊಳ್ಳೋಣ" ಎನ್ನುವ ಧೈರ್ಯ ಬೇಡ. ಹಳ್ಳಿಯಲ್ಲಿ ಒಂದು ವರ್ಷ ಸೇವೆ ಮಾಡುವುದು ಕೆಟ್ಟದ್ದೇನಲ್ಲ, ಅದನ್ನು ತಿಳಿದು ಒಪ್ಪಬೇಕು ಅಷ್ಟೇ.

ಎರಡನೆಯದು ಸೀಟು ಬಿಟ್ಟರೆ ದಂಡ. ಮೇಲೆ ಹೇಳಿದ ಕುಟುಂಬ ಸಿಕ್ಕಿಬಿದ್ದದ್ದು ಇದರಲ್ಲಿ. ಕೇಳಬೇಕಾದ್ದು: ಯಾವ ದಿನಾಂಕದವರೆಗೆ ದಂಡವಿಲ್ಲದೆ ಬಿಡಬಹುದು? ಅನಂತರ ಎಷ್ಟು? ಕಟ್ಟಿದ ಶುಲ್ಕದಲ್ಲಿ ಏನು ವಾಪಸು? ಮೂಲ ದಾಖಲೆಗಳು ಯಾರ ಬಳಿ ಇರುತ್ತವೆ, ಬೇಕಾದಾಗ ಎಷ್ಟು ದಿನದಲ್ಲಿ ಕೊಡುತ್ತಾರೆ? ಬಾಂಡಿನ ಕರಡನ್ನು ಮುಂಚಿತವಾಗಿ ಪಡೆದು ಮನೆಯಲ್ಲಿ ಕುಳಿತು ಓದಿ. ದಾಖಲೆ ಒಪ್ಪಿಸುವಾಗ ದೃಢೀಕರಿಸಿದ ಪ್ರತಿಗಳನ್ನು ಇಟ್ಟುಕೊಳ್ಳಿ, ಏನೇನು ಕೊಟ್ಟಿದ್ದೇವೆ ಎಂಬುದಕ್ಕೆ ಸ್ವೀಕೃತಿ ಪತ್ರ ಕೇಳಿ. ಮಧ್ಯದಲ್ಲಿ ಬೇರೆ ಕಾಲೇಜಿಗೆ ವರ್ಗವಾಗಬಹುದು ಎಂಬ ಲೆಕ್ಕಾಚಾರದಲ್ಲಿ ಯಾವ ಸೀಟನ್ನೂ ಹಿಡಿಯಬೇಡಿ.

4. ಆಸ್ಪತ್ರೆಯಲ್ಲಿ ರೋಗಿಗಳಿದ್ದಾರೆಯೇ?

ಕಟ್ಟಡ ಎಷ್ಟೇ ಚಂದವಿರಲಿ, ವೈದ್ಯಕೀಯ ಕಲಿಯುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಮಾನದಂಡದಂತೆ 100 ಸೀಟಿನ ಕಾಲೇಜಿಗೆ ಕನಿಷ್ಠ 420 ಹಾಸಿಗೆ, 150 ಸೀಟಿಗೆ 605 ಹಾಸಿಗೆ ಇರಬೇಕು, ಅವುಗಳಲ್ಲಿ ಶೇ. 80 ತುಂಬಿರಬೇಕು. ಕಾಗದದ ಮೇಲೆ ಎಲ್ಲರಿಗೂ ಇವು ಇರುತ್ತವೆ. ನಿಜ ತಿಳಿಯಬೇಕಾದರೆ ತಪಾಸಣೆಯ ದಿನವಲ್ಲದ ಒಂದು ಸಾಮಾನ್ಯ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ಹೊರರೋಗಿ ವಿಭಾಗದ ಸಾಲು ನೋಡಿ. ಹೆರಿಗೆ ವಾರ್ಡು, ತುರ್ತು ಚಿಕಿತ್ಸಾ ವಿಭಾಗ ಎಷ್ಟು ಓಡಾಟದಲ್ಲಿದೆ ನೋಡಿ. ಇಂಟರ್ನ್‌ಗಳನ್ನು ಕೇಳಿ:

– ನೀವು ಸ್ವತಃ ಎಷ್ಟು ಹೆರಿಗೆಗೆ ನೆರವಾಗಿದ್ದೀರಿ? ಹೊಲಿಗೆ ಹಾಕಲು, ಐವಿ ಲೈನ್ ಹಾಕಲು ಬಿಡುತ್ತಾರೆಯೇ?
– ವಾರ್ಡಿನಲ್ಲಿ ಪಾಠ ಮಾಡುವ ಪ್ರಾಧ್ಯಾಪಕರು ದಿನಾ ಬರುತ್ತಾರೆಯೇ?
– ಸ್ಟೈಪೆಂಡ್ ಪ್ರತಿ ತಿಂಗಳು ನಿಮ್ಮ ಖಾತೆಗೆ ಬರುತ್ತದೆಯೇ, ಬಂದ ಮೇಲೆ ನಿಮ್ಮ ಬಳಿಯೇ ಉಳಿಯುತ್ತದೆಯೇ?

ಕೊನೆಯ ಪ್ರಶ್ನೆ ಕೇಳಲು ಮುಜುಗರ ಬೇಡ. ಉತ್ತರಕ್ಕಿಂತ ಮೊದಲು ಬರುವ ಮೌನವೇ ಕೆಲವೊಮ್ಮೆ ಎಲ್ಲವನ್ನೂ ಹೇಳುತ್ತದೆ.

5. ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ?

ಪ್ರತಿಷ್ಠಿತ ಕಾಲೇಜಿನಲ್ಲೂ ಮೊದಲ ವರ್ಷ ಕಷ್ಟ. ಅಂಗರಚನೆ, ಶರೀರಕ್ರಿಯೆ, ಜೀವರಸಾಯನ ಮೂರೂ ಒಟ್ಟಿಗೆ, ಎಲ್ಲವೂ ಇಂಗ್ಲಿಷಿನಲ್ಲಿ. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮ ಮಕ್ಕಳಿಗೆ ಬುದ್ಧಿ ಕಡಿಮೆ ಎಂದಲ್ಲ, ಮೊದಲ ಆರು ತಿಂಗಳು ಪದಗಳೇ ಅಡ್ಡ ಬರುತ್ತವೆ. 2023ರ ನಿಯಮಾವಳಿಯಂತೆ ಮೊದಲ ವರ್ಷ ಪಾಸಾಗಲು ಗರಿಷ್ಠ ನಾಲ್ಕು ಅವಕಾಶ, ಇಡೀ ಕೋರ್ಸು ಮುಗಿಸಲು ಒಂಬತ್ತು ವರ್ಷ. ಅದಕ್ಕೇ ಕೇಳಿ: ಕಳೆದ ವರ್ಷ ಮೊದಲ ಪ್ರಯತ್ನದಲ್ಲೇ ಎಷ್ಟು ಮಂದಿ ಪಾಸಾದರು? ಹಿಂದೆ ಬಿದ್ದವರಿಗೆ ಪ್ರತ್ಯೇಕ ತರಗತಿ ಇದೆಯೇ? ಪ್ರತಿ ವಿದ್ಯಾರ್ಥಿಗೂ ಒಬ್ಬ ಮಾರ್ಗದರ್ಶಕ ಅಧ್ಯಾಪಕರಿದ್ದಾರೆಯೇ? ಮನಸ್ಸು ಕುಗ್ಗಿದರೆ ಮಾತನಾಡಲು ಆಪ್ತ ಸಮಾಲೋಚಕರು ಸಿಗುತ್ತಾರೆಯೇ?

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ಒಂದು ಬಲವೂ ಇದೆ. 2019ರಿಂದ ಜಾರಿಗೆ ಬಂದ ಹೊಸ ಪಠ್ಯಕ್ರಮದಲ್ಲಿ ಆರಂಭದ ಫೌಂಡೇಶನ್ ಕೋರ್ಸಿನಲ್ಲೇ ಸ್ಥಳೀಯ ಭಾಷೆಯ ತರಬೇತಿ ಇದೆ. ಅನಂತರ ಬಂದ ಕುಟುಂಬ ದತ್ತು ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಮನೆಗಳಿಗೆ ಹೋಗಬೇಕು. ಮಲಯಾಳ, ಮರಾಠಿ, ತೆಲುಗು, ತಮಿಳು ಕೇಳುತ್ತಲೇ ಬೆಳೆದ ನಮ್ಮ ಮಕ್ಕಳು ಇಲ್ಲಿ ಮುಂದಿರುತ್ತಾರೆ. "ಇಲ್ಲಿಗೆ ಬರುವ ರೋಗಿಗಳು ಯಾವ ಭಾಷೆ ಮಾತಾಡುತ್ತಾರೆ?" ಎಂದು ಕೇಳಿ ನೋಡಿ. ಆ ಉತ್ತರದಿಂದಲೇ ಒಂದು ಕಾಲೇಜು ಇನ್ನೊಂದಕ್ಕಿಂತ ನಿಮಗೆ ಹತ್ತಿರವಾಗಬಹುದು.

6. ಹಾಸ್ಟೆಲಿನಲ್ಲಿ ರಾತ್ರಿ ಯಾರು ಇರುತ್ತಾರೆ?

ಹಾಸ್ಟೆಲನ್ನು ನೋಡದೆ ಹಣ ಕಟ್ಟಬೇಡಿ. ಮೊದಲ ವರ್ಷದವರಿಗೆ ಪ್ರತ್ಯೇಕ ವಾಸವಿದೆಯೇ, ರಾತ್ರಿ ವಾರ್ಡನ್ ಅಲ್ಲೇ ಉಳಿಯುತ್ತಾರೆಯೇ, ಆಸ್ಪತ್ರೆಯಿಂದ ಹಾಸ್ಟೆಲಿಗೆ ರಾತ್ರಿ ದಾರಿಯಲ್ಲಿ ಬೆಳಕಿದೆಯೇ ನೋಡಿ. ಮೆಡಿಕಲ್ ಕಾಲೇಜುಗಳಲ್ಲಿ ರ‍್ಯಾಗಿಂಗ್ ತಡೆಗೆ 2021ರಲ್ಲಿ ಪ್ರತ್ಯೇಕ ನಿಯಮಾವಳಿಯೇ ಬಂದಿದೆ. "ರ‍್ಯಾಗಿಂಗ್ ಇದೆಯೇ?" ಎಂದು ಕೇಳಿದರೆ ಎಲ್ಲ ಕಡೆ "ಇಲ್ಲ" ಎಂದೇ ಉತ್ತರ. "ಕೊನೆಯ ದೂರು ಯಾವಾಗ ಬಂತು, ಏನು ಕ್ರಮ ಆಯಿತು?" ಎಂದು ಕೇಳಿ. ರಾಷ್ಟ್ರೀಯ ಸಹಾಯವಾಣಿ 1800-180-5522 ಮಗುವಿನ ಫೋನಿನಲ್ಲಿರಲಿ.

ನಿಜವಾಗಿಯೂ ಸಂದರ್ಶನ ಇದ್ದರೆ

ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, ಅಂದರೆ ಎಎಫ್‌ಎಂಸಿ, ನೀಟ್ ಅಂಕದ ಮೇಲೆ ಆಯ್ದವರನ್ನು ಕರೆದು ಇಂಗ್ಲಿಷ್ ಮತ್ತು ತರ್ಕದ ಪರೀಕ್ಷೆ, ಮನೋವೈಜ್ಞಾನಿಕ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ ಎಲ್ಲವನ್ನೂ ಮಾಡುತ್ತದೆ. ಅಲ್ಲಿ ಓದಿದವರು ಸೇನಾ ವೈದ್ಯಾಧಿಕಾರಿಯಾಗಿ ಸೇವೆ ಸಲ್ಲಿಸುವುದು ಕಡ್ಡಾಯ. ಮಂಡಳಿಯ ಮುಂದೆ ಕುಳಿತಾಗ ಪುಸ್ತಿಕೆಯಲ್ಲೇ ಇರುವುದನ್ನು ಕೇಳಬೇಡಿ. ರಜೆ, ಸಂಬಳಗಳಿಂದ ಶುರು ಮಾಡಬೇಡಿ. "ಮೊದಲ ನೇಮಕದಲ್ಲಿ ಯುವ ವೈದ್ಯರಿಗೆ ಎಂಥ ಹೊಣೆ ಬರುತ್ತದೆ?", "ಸ್ನಾತಕೋತ್ತರ ಓದಿಗೆ ಯಾವಾಗ ಅವಕಾಶ?" ಎಂಬಂಥ ಒಂದೆರಡು ಪ್ರಶ್ನೆ ಸಾಕು. ನಿಜವಾಗಿ ತಿಳಿಯಬೇಕೆಂದು ಕೇಳಿದ ಪ್ರಶ್ನೆಯನ್ನು ಎದುರಿಗಿದ್ದವರು ಗುರುತಿಸುತ್ತಾರೆ. ಸೇವಾವಧಿಯ ಬಗ್ಗೆ ಮಾತ್ರ ಮನೆಯವರೆಲ್ಲ ಮೊದಲೇ ಕುಳಿತು ಮಾತಾಡಿರಬೇಕು.

ವಿದೇಶದ ಕಾಲೇಜುಗಳ ಪರವಾಗಿ "ಆನ್‌ಲೈನ್ ಸಂದರ್ಶನ" ನಡೆಸುವ ಸಂಸ್ಥೆಗಳೂ ಇವೆ. ಅವರಿಗೆ ನಾಲ್ಕೇ ಪ್ರಶ್ನೆ ಇಡಿ: ಓದು ಕನಿಷ್ಠ 54 ತಿಂಗಳಿದೆಯೇ? ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಇದೆಯೇ? ಬೋಧನೆ ಪೂರ್ತಿ ಇಂಗ್ಲಿಷಿನಲ್ಲೇ? ಆ ದೇಶದಲ್ಲೇ ವೈದ್ಯವೃತ್ತಿ ಮಾಡಲು ಆ ಪದವಿಗೆ ನೋಂದಣಿ ಸಿಗುತ್ತದೆಯೇ? 2021ರ ನವೆಂಬರಿನ ನಿಯಮಾವಳಿಯ ಷರತ್ತುಗಳಿವು. ಒಂದಕ್ಕೆ "ಇಲ್ಲ" ಎಂದು ಬಂದರೂ ಭಾರತದಲ್ಲಿ ನೋಂದಣಿಗೆ ತೊಡಕಾಗುತ್ತದೆ. ಇವೆಲ್ಲ ಸರಿಯಿದ್ದರೂ ಹಿಂದಿರುಗಿದ ಮೇಲೆ ಅರ್ಹತಾ ಪರೀಕ್ಷೆ ಪಾಸಾಗಬೇಕು.

ಇಷ್ಟೆಲ್ಲ ಕೇಳಬೇಕೇ?

ಕೇಳಬೇಕು. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಪಟ್ಟ ಪಾಡು ನಮಗೆ ನೆನಪಿದೆ. ಆ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಗಡಿಯ ಈಚೆಗೆ, ನಮ್ಮ ಊರುಗಳಲ್ಲೇ, ನಮ್ಮ ಮಾತು ಬಲ್ಲ ವೈದ್ಯರಿರಬೇಕು ಎಂಬುದು ಆಗ ಎಲ್ಲರಿಗೂ ಅರ್ಥವಾಯಿತು. ಸಾಲದ ಹೊರೆ ಹೊತ್ತು, ಕಲಿಕೆಯಿಲ್ಲದ ಆಸ್ಪತ್ರೆಯಲ್ಲಿ ವರ್ಷಗಳನ್ನು ಕಳೆದ ಮಗು ಊರಿಗೆ ಮರಳುವುದು ಕಷ್ಟ. ಸಾಲ ತೀರಿಸಲು ದೊಡ್ಡ ಊರಿಗೇ ಹೋಗಬೇಕಾಗುತ್ತದೆ. ಸರಿಯಾದ ಸೀಟು ಹಿಡಿದ ಮಗು ಮರಳಿ ಬರುವ ಸಾಧ್ಯತೆ ಹೆಚ್ಚು.

ಪ್ರಶ್ನೆ ಕೇಳಿದರೆ ಅಗೌರವ ಎಂದು ನಮ್ಮ ಹಿರಿಯರಲ್ಲಿ ಒಂದು ಅಳುಕಿದೆ. ಬಿತ್ತನೆ ಬೀಜ ಕೊಳ್ಳುವಾಗ ಹತ್ತು ಮಾತು ಕೇಳುವವರು ನಾವು. ಮಗುವಿನ ಐದೂವರೆ ವರ್ಷಕ್ಕೆ ಹತ್ತು ಪ್ರಶ್ನೆ ಹೆಚ್ಚಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಕಾಲೇಜಿಗೊಂದು ಪುಟ ಮಾಡಿ, ಪ್ರಶ್ನೆ, ಉತ್ತರ, ಹೇಳಿದವರು ಯಾರು, ದಿನಾಂಕ ಬರೆದಿಡಿ. ಪ್ರಶ್ನೆಗಳನ್ನು ಮಗುವೇ ಕೇಳಲಿ, ನೀವು ಪಕ್ಕದಲ್ಲಿರಿ. ಓದುವುದು ಮಗು ತಾನೇ?

ಸದಸ್ಯರಲ್ಲಿ ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಮೆಡಿಕಲ್ ಓದುತ್ತಿರುವವರು ಇದ್ದರೆ, ವರ್ಷಕ್ಕೆ ಒಂದೆರಡು ಕರೆಗೆ ಉತ್ತರಿಸಲು ಅವರು ಒಪ್ಪಿದರೆ, ನಿಮ್ಮ ಊರಿನ ಘಟಕಕ್ಕೆ ತಿಳಿಸಿ. ಆಪ್ಷನ್ ಎಂಟ್ರಿ ಶುರುವಾಗುವ ಮೊದಲು ಹೊಸಬರನ್ನು ಅವರ ಜೊತೆ ಮಾತಾಡಿಸುವ ಕೆಲಸ ನಮ್ಮದು. ಸೀಟು ಸಿಗುವುದು ಮಗುವಿನ ಶ್ರಮದಿಂದ. ಸಿಕ್ಕ ಸೀಟಿನ ಬಗ್ಗೆ ಕೇಳಿ ತಿಳಿಯುವ ಕೆಲಸದಲ್ಲಿ ನಾವೆಲ್ಲರೂ ಜೊತೆಗಿರೋಣ.